ಹೆಗಲಿನ ಹುರಿ ಹರಿದ ಮೇಲೆ ಒಳಗೆ ಏನಾಗುತ್ತದೆ?



ಈ ಪುಟದಲ್ಲಿ ಸಾಮಾನ್ಯವಾಗಿ ಕೆಚ್ಚಲು ಬಾವು, ಗೊರಸು, ಜಂತುಹುಳು, ಖನಿಜ ಮಿಶ್ರಣ ಇಂಥ ವಿಷಯಗಳು ಬರುತ್ತವೆ. ಈ ಸಲ ಆಕಳನ್ನು ಬಿಟ್ಟು, ಆಕಳನ್ನು ಹಿಂಡುವ ಕೈಯ ಬಗ್ಗೆ ಬರೆಯುತ್ತಿದ್ದೇನೆ. ಅದಕ್ಕೆ ಕಾರಣ ಇದೆ. ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳಲ್ಲಿ ಎಲ್ಲೇ ಬರಡು ರಾಸುಗಳ ಶಿಬಿರ ಮಾಡಿದರೂ, ದನ ನೋಡಿ ಮುಗಿದು ನಾನು ಕೈ ತೊಳೆಯುವ ಹೊತ್ತಿಗೆ ಯಾರಾದರೊಬ್ಬರು ಹತ್ತಿರ ಬಂದು ಮೆಲ್ಲಗೆ ಕೇಳುತ್ತಾರೆ: "ಡಾಕ್ಟ್ರೇ, ನನ್ನ ರಟ್ಟಿ ಮ್ಯಾಲ ಏಳವಲ್ದು ನೋಡ್ರಿ. ಎಮ್ಮಿಗಿ ಮಾಡೋ ಸೂಜಿ ನನಗೂ ಒಂದು ಮಾಡಿಬಿಡ್ರಿ." ನಗುತ್ತಲೇ ಕೇಳುತ್ತಾರೆ. ನೋವು ಮಾತ್ರ ನಗುವಂಥದ್ದಲ್ಲ.

ಸೂಜಿ ಮಾಡುವುದಿಲ್ಲ. ದನದ ಔಷಧ ದನಕ್ಕೇ ಇರಲಿ. ಮನೆಯಲ್ಲಿ ಉಳಿದ ಬಾಟಲಿಯಿಂದ ನೀವೇ ಮಾಡಿಕೊಳ್ಳುವುದೂ ಬೇಡ. ನಾನು ದನದ ಡಾಕ್ಟರ್, ನಿಮ್ಮ ಹೆಗಲಿಗೆ ಚಿಕಿತ್ಸೆ ಹೇಳುವ ಅಧಿಕಾರ ನನಗಿಲ್ಲ. ಆದರೆ ಹೆಗಲಿನಲ್ಲಿ ಹರಿಯುವ ಆ ಹುರಿ ನಿಮ್ಮಲ್ಲೂ, ಆಕಳಲ್ಲೂ, ಕುರಿಯಲ್ಲೂ ಒಂದೇ ಪದಾರ್ಥದಿಂದ ಆದದ್ದು. ಪುಸ್ತಕದಲ್ಲಿ ಅದರ ಹೆಸರೂ ಒಂದೇ. ಅದು ಹರಿದ ಮೇಲೆ ಒಳಗೆ ಏನೇನು ಬದಲಾಗುತ್ತದೆ ಎಂಬುದನ್ನು ನಾನು ವಿವರಿಸಬಲ್ಲೆ. ಅಷ್ಟು ತಿಳಿದರೆ "ರಾಶಿ ಮುಗೀಲಿ, ಆಮ್ಯಾಲ ನೋಡಮು" ಎನ್ನುವ ಮಾತನ್ನು ಯಾವಾಗ ಆಡಬಹುದು, ಯಾವಾಗ ಆಡಬಾರದು ಎಂದು ನೀವೇ ತೀರ್ಮಾನಿಸಬಹುದು.

ಆಳಂದ ತಾಲ್ಲೂಕಿನ ಒಬ್ಬ ಸದಸ್ಯೆಯ ಮಾತಿನಿಂದ ಶುರು ಮಾಡುತ್ತೇನೆ. ಹೆಸರು ಬೇಡ ಎಂದಿದ್ದಾರೆ. ಮನೆಯಲ್ಲಿ ಎರಡು ಎಮ್ಮೆ, ಒಂದು ಮಿಶ್ರತಳಿ ಮಣಕ ಇದ್ದವು. ಒಂದು ಸಂಜೆ ಮಣಕವನ್ನು ನೀರಿಗೆ ಹೊಡೆದುಕೊಂಡು ಹೋಗುವಾಗ ಕಣ್ಣಿಯನ್ನು ಮುಂಗೈಗೆ ಎರಡು ಸುತ್ತು ಸುತ್ತಿಕೊಂಡಿದ್ದರು. ಹಿಂದಿನಿಂದ ಟ್ರ್ಯಾಕ್ಟರ್ ಹಾರ್ನ್ ಹೊಡೆಯಿತು. ಮಣಕ ಬೆದರಿ ಎಳೆಯಿತು. ಹಗ್ಗ ಕೈಯಿಂದ ಬಿಡಲಿಲ್ಲ, ಹೆಗಲಿನಲ್ಲಿ "ಟಕ್" ಅಂತು. ಮರುದಿನ ಕೈ ಎದೆಯ ಮಟ್ಟಕ್ಕಿಂತ ಮೇಲೆ ಏಳಲಿಲ್ಲ. ಅದು ತೊಗರಿ ರಾಶಿಯ ಕಾಲ. ರಾಶಿ ಮುಗಿಯಿತು, ಮಗಳ ಮದುವೆ ಬಂತು, ಆಮೇಲೆ ಎಮ್ಮೆ ಈಯಿತು. ನೋವು ತಾನಾಗಿಯೇ ಕಡಿಮೆ ಆಗಿತ್ತು, ಕೈ ಏಳದಿರುವುದಷ್ಟೇ ಉಳಿದಿತ್ತು. ಒಂದು ವರ್ಷ ಎರಡು ತಿಂಗಳಾದ ಮೇಲೆ ಎಮ್‌ಆರ್‌ಐ ಮಾಡಿಸಿದರು. ಹುರಿಯ ತುದಿ ತುಂಬಾ ಹಿಂದೆ ಸರಿದಿದೆ, ಅದರ ಸ್ನಾಯುವಿನಲ್ಲಿ ಕೊಬ್ಬು ತುಂಬಿದೆ, ಈಗ ಹೊಲಿದರೂ ನಿಲ್ಲುವ ಭರವಸೆ ಇಲ್ಲ ಎಂದು ಮೂಳೆ ತಜ್ಞರು ಹೇಳಿದರು. ಈಗ ಅವರ ಮನೆಯಲ್ಲಿ ಒಂದೇ ಎಮ್ಮೆ. ಸೊಸೆ ಹಿಂಡುತ್ತಾಳೆ.

ಅವರು ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ: "ನೋವು ಕಡಿಮಿ ಆಗ್ಯಾದ ಅಂದ್ರ ವಾಸಿ ಆಗ್ಯಾದ ಅಂತ ಅಲ್ಲೇನ್ರಿ?" ಅಲ್ಲ. ಯಾಕೆ ಅಲ್ಲ ಎನ್ನುವುದೇ ಈ ಲೇಖನ.

ಎಲ್ಲವೂ "ನರ" ಅಲ್ಲ

ನಮ್ಮ ಕಡೆ ಚರ್ಮದ ಕೆಳಗೆ ದಾರದ ಹಾಗೆ ಇರುವ ಎಲ್ಲದಕ್ಕೂ ಒಂದೇ ಹೆಸರು, ನರ. ರಕ್ತ ಹರಿಯುವ ನಾಳವೂ ನರ, ಮಿದುಳಿನಿಂದ ಸುದ್ದಿ ತರುವ ತಂತಿಯೂ ನರ, ಮಾಂಸಖಂಡವನ್ನು ಮೂಳೆಗೆ ಕಟ್ಟುವ ಹುರಿಯೂ ನರ. "ನರ ಹಿಡ್ಕೊಂಡಾದ" ಎಂದರೆ ಈ ಮೂರರಲ್ಲಿ ಯಾವುದು ಎಂದು ಡಾಕ್ಟರಿಗೂ ಗೊತ್ತಾಗುವುದಿಲ್ಲ. ನಾನು ಇಲ್ಲಿ ಹೇಳುತ್ತಿರುವುದು ಮೂರನೆಯದನ್ನು. ಶಾಲೆಯ ಪುಸ್ತಕದಲ್ಲಿ ಅದನ್ನು ಸ್ನಾಯುರಜ್ಜು ಎನ್ನುತ್ತಾರೆ. ರಜ್ಜು ಎಂದರೆ ಹಗ್ಗ. ನಾನು ಹುರಿ ಎಂದೇ ಕರೆಯುತ್ತೇನೆ.

ವ್ಯತ್ಯಾಸ ತಿಳಿಯಲು ಎತ್ತಿನ ಉದಾಹರಣೆ ಸಾಕು. ನೊಗದ ಒತ್ತಡ ಅಥವಾ ಪೆಟ್ಟು ಬಿದ್ದು ಹೆಗಲ ಮುಂದಿನ ಸುದ್ದಿತಂತಿ ಜಜ್ಜಿಹೋದ ಎತ್ತನ್ನು ನೀವು ನೋಡಿರಬಹುದು. ಕೆಲವು ವಾರಗಳಲ್ಲಿ ಆ ಕಡೆಯ ಹೆಗಲು ಒಣಗಿ, ರೆಕ್ಕೆಮೂಳೆಯ ಏಣು ಚರ್ಮದ ಕೆಳಗೆ ಎದ್ದು ಕಾಣುತ್ತದೆ. ಅಲ್ಲಿ ಹುರಿ ಚೆನ್ನಾಗಿಯೇ ಇದೆ, ಸ್ನಾಯುವಿಗೆ ಅಪ್ಪಣೆ ಬರುವುದು ನಿಂತಿದೆ. ಹುರಿ ಹರಿದಾಗ ಇದರ ಉಲ್ಟಾ. ಅಪ್ಪಣೆ ಬರುತ್ತದೆ, ಸ್ನಾಯು ಎಳೆಯುತ್ತದೆ, ಆದರೆ ಎಳೆದದ್ದು ಮೂಳೆಗೆ ಮುಟ್ಟುವುದಿಲ್ಲ. ಎರಡರಲ್ಲೂ ಕೆಲಸವಿಲ್ಲದ ಸ್ನಾಯು ಸೊರಗುತ್ತದೆ. ಇಂಥ ಹೆಗಲಿಗೆ ಕೆಲವರು ಬರೆ ಎಳೆಸುತ್ತಾರೆ. ಬರೆ ಸುಡುವುದು ಚರ್ಮವನ್ನು. ಒಳಗಿನ ತಂತಿಗೂ ಹುರಿಗೂ ಅದರಿಂದ ಏನೂ ಆಗುವುದಿಲ್ಲ, ಎತ್ತಿಗೆ ಒಂದು ಹುಣ್ಣು ಜಾಸ್ತಿ ಆಗುತ್ತದೆ, ಅಷ್ಟೇ.

ಪುಂಡಿ ನಾರಿನ ಹಗ್ಗದ ಹಾಗೆ

ಪುಂಡಿ ಕಟ್ಟಿಗೆಯನ್ನು ನೀರಿನಲ್ಲಿ ಕೊಳೆಹಾಕಿ ನಾರು ಬಿಡಿಸಿ ಹಗ್ಗ ಹೊಸೆದದ್ದನ್ನು ನಿಮ್ಮಲ್ಲಿ ಹಿರಿಯರು ನೋಡಿದ್ದೀರಿ. ಒಂದೊಂದು ಎಳೆ ತೆಳ್ಳಗೆ, ಎಲ್ಲವನ್ನೂ ಒಂದೇ ದಿಕ್ಕಿಗೆ ಬಿಗಿಯಾಗಿ ಎಳೆದು ಹೊಸೆದರೆ ಎತ್ತನ್ನೇ ಕಟ್ಟಬಹುದು. ಹೆಗಲಿನ ಹುರಿಯೂ ಹಾಗೆಯೇ. ಅದರ ನಾರಿನ ಹೆಸರು ಕೊಲಾಜೆನ್. ಒಣಗಿಸಿ ತೂಗಿದರೆ ಹುರಿಯ ಬಹುಪಾಲು ಅದೇ. ಆರೋಗ್ಯವಂತ ಹುರಿಯಲ್ಲಿ ಇರುವುದು ಹೆಚ್ಚಾಗಿ ಒಂದನೇ ಜಾತಿಯ ಕೊಲಾಜೆನ್: ದಪ್ಪ ಎಳೆ, ನೇರ ಸಾಲು, ಗಟ್ಟಿ. ಎಳೆಗಳ ನಡುವೆ ಅಲ್ಲೊಂದು ಇಲ್ಲೊಂದು ಉದ್ದನೆಯ ಜೀವಕೋಶಗಳು ಸಾಲಾಗಿ ಕೂತಿರುತ್ತವೆ. ಹಳೆಯ ಎಳೆಯನ್ನು ತೆಗೆದು ಹೊಸದನ್ನು ಕೂಡಿಸುವ ಕೆಲಸ ಅವುಗಳದು. ಅವು ಕಡಿಮೆ ಜನ, ರಕ್ತದ ಪೂರೈಕೆಯೂ ಕಡಿಮೆ. ಆದ್ದರಿಂದ ಹುರಿಯ ದುರಸ್ತಿ ಯಾವಾಗಲೂ ನಿಧಾನ. ಚರ್ಮದ ಗಾಯ 10 ದಿನದಲ್ಲಿ ಕೂಡಿಕೊಳ್ಳುವ ಲೆಕ್ಕ ಇಲ್ಲಿ ನಡೆಯುವುದಿಲ್ಲ.

ಇನ್ನು ಹುರಿ ಮೂಳೆಯನ್ನು ಸೇರುವ ಜಾಗ. ಮೆತ್ತನೆಯ ವಸ್ತುವನ್ನು ಗಟ್ಟಿ ವಸ್ತುವಿಗೆ ನೇರವಾಗಿ ಅಂಟಿಸಿದರೆ ಅದು ಅಂಟಿಸಿದ ಜಾಗದಲ್ಲೇ ಕಿತ್ತುಬರುತ್ತದೆ. ದೇಹ ಹಾಗೆ ಮಾಡುವುದಿಲ್ಲ. ನಮ್ಮ ಕಡೆ ಬಾವಿ ತೋಡಿದರೆ ಮೊದಲು ಎರೆಮಣ್ಣು, ಆಮೇಲೆ ಗರಸು, ಆಮೇಲೆ ಗಟ್ಟಿ ಗರಸು, ಕೊನೆಗೆ ಬಂಡೆ ಸಿಗುತ್ತದಲ್ಲ, ಅದೇ ರೀತಿ ಇಲ್ಲೂ ನಾಲ್ಕು ಪದರ: ಹುರಿ, ಅದರ ಕೆಳಗೆ ಮೃದ್ವಸ್ಥಿ, ಅದರ ಕೆಳಗೆ ಸುಣ್ಣ ಸೇರಿ ಗಟ್ಟಿಯಾದ ಮೃದ್ವಸ್ಥಿ, ಕೊನೆಗೆ ಮೂಳೆ. ಇಡೀ ನಾಲ್ಕೂ ಪದರ ಸೇರಿದರೂ ತೀರಾ ತೆಳ್ಳಗೆ. ಇದನ್ನು ನೆನಪಿಡಿ, ಹೊಲಿಗೆಯ ಮಾತು ಬಂದಾಗ ಮತ್ತೆ ಬೇಕಾಗುತ್ತದೆ.

ಆಕಳಿಗೆ ಕಾಲರ್ ಮೂಳೆ ಇಲ್ಲ. ಅದರ ಎದೆ ಎರಡು ಮುಂಗಾಲುಗಳ ನಡುವೆ ಬರೀ ಸ್ನಾಯುಗಳ ಜೋಲಿಯಲ್ಲಿ ತೂಗುತ್ತದೆ, ಹೆಗಲು ಮುಂದೆ ಹಿಂದೆ ಆಡಿದರೆ ಸಾಕು. ಮನುಷ್ಯರ ಹೆಗಲು ಎಲ್ಲ ದಿಕ್ಕಿಗೂ ತಿರುಗಬೇಕು. ಅದಕ್ಕಾಗಿ ಅದರ ಗುಂಡು ದೊಡ್ಡದು, ಗುಳಿ ಆಳವಿಲ್ಲ. ಚಹಾದ ಬಸಿಯ ಮೇಲೆ ಇಟ್ಟ ನಿಂಬೆಹಣ್ಣಿನ ಹಾಗೆ. ಆ ಗುಂಡು ಜಾರದಂತೆ ನಾಲ್ಕು ಸ್ನಾಯುಗಳ ಹುರಿಗಳು ಒಂದು ಟೊಪ್ಪಿಗೆಯ ಹಾಗೆ ಸುತ್ತ ಹಿಡಿದಿವೆ. ಡಾಕ್ಟರುಗಳು ಇದನ್ನು ರೊಟೇಟರ್ ಕಫ್ ಎನ್ನುತ್ತಾರೆ. ಹೆಚ್ಚಾಗಿ ಹರಿಯುವುದು ಮೇಲ್ಭಾಗದ ಸುಪ್ರಾಸ್ಪೈನೇಟಸ್ ಎಂಬ ಸ್ನಾಯುವಿನ ಹುರಿ. ಕೈಯನ್ನು ಪಕ್ಕಕ್ಕೆ ಎತ್ತಲು ನೆರವಾಗುವುದು, ಎತ್ತುವಾಗ ಗುಂಡನ್ನು ಬಸಿಯಲ್ಲಿ ಒತ್ತಿ ಹಿಡಿಯುವುದು ಅದರ ಕೆಲಸ. ಕಣಕಿ ಸಿವುಡು ತಲೆಯ ಮೇಲೆ ಇರುವಾಗ ಅದಕ್ಕೆ ಅಷ್ಟು ತ್ರಾಸವಿಲ್ಲ. ಸಿವುಡನ್ನು ನೆಲದಿಂದ ತಲೆಗೆ ಏರಿಸುವ ಆ ಒಂದು ಕ್ಷಣವೇ ಅದಕ್ಕೆ ಭಾರ.

ಹರಿಯುವ ಮೊದಲೇ ಸವೆತ

ಮೇಲೆ ಹೇಳಿದ ಸದಸ್ಯೆಯ ಹುರಿ ಒಂದೇ ಎಳೆತಕ್ಕೆ ಹರಿಯಿತು. ಎಲ್ಲರದ್ದೂ ಹಾಗಲ್ಲ. ವಯಸ್ಸು 40, 50 ದಾಟಿದ ಮೇಲೆ ಬಹಳ ಜನರಲ್ಲಿ ಹುರಿ ಒಳಗೊಳಗೇ ಸವೆಯುತ್ತಾ ಬರುತ್ತದೆ. ಎಳೆಗಳ ನೇರ ಸಾಲು ಕೆಡುತ್ತದೆ. ಉದ್ದನೆಯ ಜೀವಕೋಶಗಳು ದುಂಡಗಾಗಿ ಮೃದ್ವಸ್ಥಿಯ ಕೋಶಗಳಂತೆ ವರ್ತಿಸತೊಡಗುತ್ತವೆ. ಒಂದನೇ ಜಾತಿಯ ಗಟ್ಟಿ ಕೊಲಾಜೆನ್ ಕಡಿಮೆಯಾಗಿ, ಮೂರನೇ ಜಾತಿಯ ತೆಳ್ಳನೆಯ ಎಳೆ ಹೆಚ್ಚುತ್ತದೆ. ಇದು ಅವಸರದ ದುರಸ್ತಿಗೆ ಬಳಸುವ ಎಳೆ, ಅಡ್ಡಾದಿಡ್ಡಿ ಹರಡಿರುತ್ತದೆ. ಮಧ್ಯೆ ಮಧ್ಯೆ ಲೋಳೆ ತುಂಬುತ್ತದೆ. ಕೆಲವರಲ್ಲಿ ಸುಣ್ಣದ ಹರಳೂ ಕೂಡುತ್ತದೆ. ಹೊರಗಿನಿಂದ ಹಗ್ಗ ದಪ್ಪವಾಗಿಯೇ ಕಾಣುತ್ತದೆ, ಹಿಡಿದು ಎಳೆದರೆ ಎಳೆ ಬಿಚ್ಚಿಕೊಳ್ಳುತ್ತದೆ.

ಇಷ್ಟಾದರೂ ನೋವು ಇರಲೇಬೇಕು ಎಂದಿಲ್ಲ. ಜಪಾನಿನ ಒಂದು ಗುಡ್ಡಗಾಡಿನ ಹಳ್ಳಿಯಲ್ಲಿ 683 ಜನರ ಎರಡೂ ಹೆಗಲನ್ನು ಸ್ಕ್ಯಾನ್ ಮಾಡಿ ನೋಡಿದ ವರದಿ 2010ರಲ್ಲಿ ಪ್ರಕಟವಾಯಿತು. 100 ಹೆಗಲಿಗೆ ಸುಮಾರು 21ರಲ್ಲಿ ಹುರಿ ಹರಿದಿತ್ತು. ಯಾವ ತೊಂದರೆಯೂ ಇಲ್ಲದ ಹೆಗಲುಗಳಲ್ಲೂ 100ಕ್ಕೆ ಸುಮಾರು 17ರಲ್ಲಿ ಹರಿದಿತ್ತು. ಆ ಜನ ತಮ್ಮ ಪಾಡಿಗೆ ಇದ್ದರು. ಈ ಅಂಕಿಯನ್ನು ಬೇಕೆಂದೇ ಹೇಳುತ್ತಿದ್ದೇನೆ. ಸ್ಕ್ಯಾನಿನಲ್ಲಿ ಹರಿದಿದೆ ಎಂದು ಬಂದ ತಕ್ಷಣ ಎಲ್ಲರಿಗೂ ಆಪರೇಷನ್ ಬೇಕು ಎಂದು ಹೆದರುವುದೂ ಸರಿಯಲ್ಲ. ನಿಧಾನವಾಗಿ ಸವೆದು ಸಣ್ಣದಾಗಿ ಹರಿದದ್ದು ಬೇರೆ, ನಿನ್ನೆ ಏಳುತ್ತಿದ್ದ ಕೈ ಇವತ್ತು ಏಳದಂತೆ ಹರಿದದ್ದು ಬೇರೆ.

ಹರಿದ ತುದಿ ಸುಮ್ಮನೆ ಕಾಯುವುದಿಲ್ಲ

ಹರಿದ ಸೀರೆ ಪೆಟ್ಟಿಗೆಯಲ್ಲಿದ್ದರೆ ಮುಂದಿನ ವರ್ಷ ಹೊಲಿದರೂ ನಡೆಯುತ್ತದೆ. ಹುರಿ ಜೀವ ಇರುವ ವಸ್ತು, ಹರಿದ ದಿನದಿಂದಲೇ ಬದಲಾಗುತ್ತಾ ಹೋಗುತ್ತದೆ.

ಮೊದಲ ದಿನಗಳಲ್ಲಿ ಅಲ್ಲಿ ರಕ್ತ ಬರುತ್ತದೆ, ಬಾವು ಬರುತ್ತದೆ, ಕಸ ಬಳಿಯುವ ಕೋಶಗಳು ಬರುತ್ತವೆ. ಸಣ್ಣ ಹರುಕಿನ ಅಂಚಿನಲ್ಲಿ ಹೊಸ ರಕ್ತನಾಳಗಳು, ಹೊಸ ಕೋಶಗಳು ಕಾಣುತ್ತವೆ. ಅಂದರೆ ದೇಹ ಕೂಡಿಸಲು ಪ್ರಯತ್ನ ಮಾಡುತ್ತದೆ. ಆದರೆ ಹೆಗಲಿನಲ್ಲಿ ಒಂದು ತೊಡಕಿದೆ. ಈ ಹುರಿಯ ಒಳಮೈ ಕೀಲಿನ ದ್ರವಕ್ಕೆ ತಾಗಿಕೊಂಡಿದೆ. ರಕ್ತ ಹೆಪ್ಪುಗಟ್ಟಿ ಎರಡು ತುದಿಗಳ ನಡುವೆ ಸೇತುವೆ ಆಗಬೇಕು, ಆ ದ್ರವದಲ್ಲಿ ಹೆಪ್ಪು ನಿಲ್ಲುವುದಿಲ್ಲ. ಜೊತೆಗೆ ಸ್ನಾಯು ತುದಿಯನ್ನು ತನ್ನ ಕಡೆ ಎಳೆದುಕೊಳ್ಳುತ್ತದೆ.

ಆಕಳಿನ ಹಿಂಗಾಲಿನ ಮುಂಭಾಗದಲ್ಲಿ ಪೆರೋನಿಯಸ್ ಟರ್ಷಿಯಸ್ ಎಂಬ ಹುರಿ ಇದೆ. ಕಾಲು ಎಲ್ಲಾದರೂ ಸಿಕ್ಕಿ ಕೊಸರಿಕೊಂಡಾಗ ಅದು ಹರಿಯುವುದುಂಟು. ಅಂಥ ಆಕಳನ್ನು ಮೆತ್ತನೆಯ ಜಾಗದಲ್ಲಿ ಎರಡು ಮೂರು ತಿಂಗಳು ಕಟ್ಟಿಹಾಕಿ ಎಂದಷ್ಟೇ ನಾವು ಹೇಳುತ್ತೇವೆ, ಬಹಳಷ್ಟು ವಾಸಿಯಾಗುತ್ತವೆ. ಅದು ಕೀಲಿನ ಹೊರಗೆ, ಮಾಂಸದ ನಡುವೆ ಇದೆ, ಹೆಪ್ಪು ಅಲ್ಲೇ ನಿಂತು ಗಾಯದ ನಾರಾಗಿ ಬದಲಾಗುತ್ತದೆ. ಆಕಳಿಗೆ ವಾಸಿಯಾಯಿತು, ನನಗೂ ಆಗುತ್ತದೆ ಎಂದುಕೊಳ್ಳಬೇಡಿ. ನಿಮ್ಮ ಹೆಗಲಿನ ಹುರಿ ಪೂರ್ತಿ ಹರಿದಿದ್ದರೆ ಸುಮ್ಮನೆ ಕೂತರೆ ತಾನಾಗಿ ಮೂಳೆಗೆ ಹೋಗಿ ಅಂಟುವುದು ಅಪರೂಪ.

ತಿಂಗಳುಗಳು ಕಳೆದಂತೆ ಅಂಚಿನಲ್ಲಿ ಕೊಲಾಜೆನ್ ಕರಗಿಸುವ ಕಿಣ್ವಗಳು ಹೆಚ್ಚುತ್ತವೆ. ದೊಡ್ಡ ಹರುಕಿನಲ್ಲಿ ಮೊದಲು ಕಂಡ ಆ ಹೊಸ ರಕ್ತನಾಳಗಳೂ ಕೋಶಗಳೂ ಕಡಿಮೆಯಾಗುತ್ತವೆ. ತುದಿ ತೆಳ್ಳಗಾಗಿ, ಮೊಂಡಾಗಿ, ದಾರ ಹಾಕಿದರೆ ಹಿಡಿಯದಂತೆ ಆಗುತ್ತದೆ. ಬಾವು ಇಳಿದಿರುತ್ತದೆ, ನೋವೂ ಇಳಿದಿರುತ್ತದೆ. ನಮ್ಮ ಸದಸ್ಯೆಗೆ ಮೋಸ ಆದದ್ದು ಇಲ್ಲೇ. ನೋವು ಇಳಿಯಲು ವಾಸಿಯೇ ಆಗಬೇಕೆಂದಿಲ್ಲ, ಒಳಗಿನ ಪ್ರಯತ್ನ ನಿಂತಾಗಲೂ ನೋವು ಇಳಿಯುತ್ತದೆ.

ಬೀಳು ಹೊಲದ ಜಾಲಿ

ಹುರಿಗಿಂತ ದೊಡ್ಡ ನಷ್ಟ ಆಗುವುದು ಸ್ನಾಯುವಿಗೆ. ಸ್ನಾಯು ಬದುಕುವುದು ಎಳೆತದಲ್ಲಿ. ತುದಿ ಬಿಟ್ಟುಹೋದ ಮೇಲೆ ಅದು ಮುದುಡುತ್ತದೆ, ಅದರ ನಾರುಗಳು ತೆಳ್ಳಗಾಗುತ್ತವೆ, ಗಿಡ್ಡವಾಗುತ್ತವೆ. ನಾರುಗಳು ಹೊರಳಿ ನಿಂತ ಕೋನ ಬದಲಾಗಿ ನಡುವೆ ಸಂದು ಬೀಳುತ್ತದೆ. ಆ ಸಂದಿನಲ್ಲಿ ಕೊಬ್ಬು ತುಂಬುತ್ತದೆ. ಸ್ನಾಯುವಿನಲ್ಲೇ ಇರುವ ಒಂದು ಬಗೆಯ ಮೂಲಕೋಶಗಳು, ಮಾಮೂಲಾಗಿ ದುರಸ್ತಿಗೆ ಸಹಾಯ ಮಾಡುವಂಥವು, ಎಳೆತ ಇಲ್ಲದಾಗ ಕೊಬ್ಬಿನ ಕೋಶಗಳಾಗಿ, ಗಾಯದ ನಾರಾಗಿ ಮಾರ್ಪಡುತ್ತವೆ. ಬಿತ್ತದೆ ಬಿಟ್ಟ ಹೊಲದಲ್ಲಿ ಜಾಲಿ ಬೆಳೆದ ಹಾಗೆ. ಮೊದಲ ವರ್ಷ ಕೈಯಿಂದ ಕೀಳಬಹುದು, ಮೂರನೇ ವರ್ಷ ಜೆಸಿಬಿ ತಂದರೂ ಬೇರು ಉಳಿಯುತ್ತದೆ. ಸಂಘದಲ್ಲಿ ಹಾಲಿನ ಫ್ಯಾಟ್ ಏರಿದರೆ ನಮಗೆ ದುಡ್ಡು, ಈ ಫ್ಯಾಟ್ ಏರಿದರೆ ಕೈಯ ಬಲ ಇಳಿಯುತ್ತದೆ.

ಇದನ್ನು ಖಚಿತವಾಗಿ ತೋರಿಸಿದ್ದು ಕುರಿಗಳಲ್ಲಿ ಎಂದರೆ ನಿಮಗೆ ಆಶ್ಚರ್ಯ ಆಗಬಹುದು. ಸ್ವಿಟ್ಜರ್‌ಲೆಂಡಿನ ಜ್ಯೂರಿಕ್ ನಗರದಲ್ಲಿ ಕ್ರಿಶ್ಚಿಯನ್ ಗರ್ಬರ್ ಎಂಬ ಹೆಗಲು ತಜ್ಞರೂ ಅವರ ಸಂಗಡಿಗರೂ ಕುರಿಯ ಹೆಗಲಿನ ಇನ್‌ಫ್ರಾಸ್ಪೈನೇಟಸ್ ಹುರಿಯನ್ನು ಮೂಳೆಯಿಂದ ಬಿಡಿಸಿ 40 ವಾರ ಬಿಟ್ಟರು. ಸ್ನಾಯು ಹಿಂದೆ ಸರಿದು, ಸೊರಗಿ, ಕೊಬ್ಬು ತುಂಬಿಕೊಂಡಿತ್ತು. ಆಮೇಲೆ ಹುರಿಯನ್ನು ಮತ್ತೆ ಮೂಳೆಗೆ ಹೊಲಿದು ತಿಂಗಳುಗಟ್ಟಲೆ ಕಾದರು. ಹೊಲಿಗೆ ಕೂಡಿದರೂ ತುಂಬಿದ ಕೊಬ್ಬು ಹೋಗಲಿಲ್ಲ. 2004ರಲ್ಲಿ ಇದನ್ನು ಪ್ರಕಟಿಸಿದರು. ಕುರಿಯನ್ನು ಆರಿಸಿದ್ದಕ್ಕೆ ಕಾರಣ, ಅದರ ಆ ಹುರಿ ಗಾತ್ರದಲ್ಲೂ ಆಕಾರದಲ್ಲೂ ಮನುಷ್ಯರ ಸುಪ್ರಾಸ್ಪೈನೇಟಸ್ ಹುರಿಯನ್ನು ಹೋಲುತ್ತದೆ. ನಿಮ್ಮ ಹಟ್ಟಿಯ ಕುರಿಗೂ ನಿಮಗೂ ಇರುವ ಈ ಸಂಬಂಧ ನನಗೆ ಕಾಲೇಜಿನಲ್ಲಿ ಓದುವಾಗಲೇ ಬಹಳ ಮೆಚ್ಚುಗೆಯಾಗಿತ್ತು.

ಅದಕ್ಕೂ ಮೊದಲು, 1994ರಲ್ಲಿ, ಗೂತಾಲ್ಯೆ ಎಂಬ ಫ್ರೆಂಚ್ ಡಾಕ್ಟರ್ ಸ್ಕ್ಯಾನ್ ನೋಡಿ ಸ್ನಾಯುವಿನ ಕೊಬ್ಬಿಗೆ 0ಯಿಂದ 4ರ ತನಕ ದರ್ಜೆ ಕೊಟ್ಟಿದ್ದರು. 0 ಎಂದರೆ ಕೊಬ್ಬಿಲ್ಲ. 2 ಎಂದರೆ ಕೊಬ್ಬು ಇದೆ, ಮಾಂಸವೇ ಹೆಚ್ಚು. 3 ಎಂದರೆ ಎರಡೂ ಸಮ. 4 ಎಂದರೆ ಮಾಂಸಕ್ಕಿಂತ ಕೊಬ್ಬೇ ಹೆಚ್ಚು. ಇವತ್ತಿಗೂ ಎಮ್‌ಆರ್‌ಐ ನೋಡಿ ಹೊಲಿಯಬಹುದೇ ಎಂದು ಯೋಚಿಸುವಾಗ ತಜ್ಞರು ಇದೇ ದರ್ಜೆಯ ಲೆಕ್ಕ ಹಾಕುತ್ತಾರೆ. ನಮ್ಮ ಸದಸ್ಯೆಯ ವರದಿಯಲ್ಲಿ ಇದ್ದದ್ದು 4.

ನನ್ನ ಎಡಗೈ

ಇಷ್ಟೆಲ್ಲ ಓದಿದವಳು ನಾನೇನು ಮಾಡಿದೆ ಎಂದು ಹೇಳದಿದ್ದರೆ ಸರಿಯಾಗುವುದಿಲ್ಲ. ಮೂರು ವರ್ಷದ ಹಿಂದೆ ಅಫಜಲಪುರ ತಾಲ್ಲೂಕಿನ ಒಂದು ಊರಿನಲ್ಲಿ ರಾತ್ರಿ ಹೆರಿಗೆ. ಕರುವಿನ ತಲೆ ಹಿಂದಕ್ಕೆ ಹೊರಳಿತ್ತು. ಎಡಗೈ ಹೆಗಲಿನವರೆಗೆ ಒಳಗಿದ್ದಾಗ ಆಕಳು ಒಮ್ಮೆಲೇ ಕುಸಿದು ಕೂತಿತು. ಕರು ಬದುಕಿತು. ಆಕಳೂ ಬದುಕಿತು. ನನ್ನ ಹೆಗಲು ಎರಡು ತಿಂಗಳು ಮುಲಾಮಿನಲ್ಲಿ ಕಳೆಯಿತು. ದಿನಾ ಗರ್ಭ ಪರೀಕ್ಷೆ ಮಾಡುವ ಕೈ, ರಜೆ ಹಾಕಿದರೆ ಶಿಬಿರ ನಿಲ್ಲುತ್ತದೆ ಎನ್ನುವ ನೆಪ. ರಾತ್ರಿ ಆ ಮಗ್ಗುಲಿಗೆ ಮಲಗಲು ಆಗದೇ ಹೋದ ಮೇಲೆ ಸ್ಕ್ಯಾನ್ ಮಾಡಿಸಿದೆ. ಹುರಿ ಅರ್ಧ ಹರಿದಿತ್ತು.

ಅರ್ಧ ಎನ್ನುವುದೇ ನನ್ನ ಪುಣ್ಯ. ಉಳಿದ ಎಳೆಗಳು ಮೂಳೆಯನ್ನು ಹಿಡಿದಿದ್ದರಿಂದ ಸ್ನಾಯುವಿನ ಮೇಲೆ ಎಳೆತ ಉಳಿದಿತ್ತು, ಕೊಬ್ಬು ತುಂಬಿರಲಿಲ್ಲ. ಆಪರೇಷನ್ ಬೇಕಾಗಲಿಲ್ಲ. ಫಿಸಿಯೋಥೆರಪಿಯವರು ಹೇಳಿದ ವ್ಯಾಯಾಮ ನಾಲ್ಕು ತಿಂಗಳು ಮಾಡಿದೆ. ಅದು ಬೇಜಾರಿನ ಕೆಲಸ, ಸುಳ್ಳು ಹೇಳುವುದಿಲ್ಲ. ಆದರೆ ಅದರ ಹಿಂದೆ ಕಾರಣವಿದೆ. ನಾರನ್ನು ಬಿಗಿಯಾಗಿ ಎಳೆದು ಹಿಡಿದಾಗಲೇ ಹಗ್ಗದಲ್ಲಿ ಅದು ನೇರ ಕೂರುತ್ತದೆ. ಹುರಿಯ ಕೋಶಗಳೂ ಎಳೆತವನ್ನು ಗ್ರಹಿಸಿಯೇ ಹೊಸ ಎಳೆಯನ್ನು ಯಾವ ದಿಕ್ಕಿಗೆ ಹಾಕಬೇಕು ಎಂದು ತೀರ್ಮಾನಿಸುತ್ತವೆ. ಅತಿ ಎಳೆದರೆ ಹರಿಯುತ್ತದೆ, ಪೂರ್ತಿ ಬಿಟ್ಟರೆ ಅಡ್ಡಾದಿಡ್ಡಿ ಬೆಳೆಯುತ್ತದೆ. ಎಷ್ಟು ಎಳೆಯಬೇಕು ಎಂದು ಹೇಳುವುದು ಫಿಸಿಯೋಥೆರಪಿಯವರ ಕೆಲಸ, ಎಣ್ಣೆ ಹಚ್ಚಿ ಜೋರಾಗಿ ತಿಕ್ಕಿ ಕೈ ತಿರುವುವವರದ್ದಲ್ಲ. ಹೊಸದಾಗಿ ಹರಿದ ಹುರಿಯನ್ನು ಹಾಗೆ ತಿರುವಿಸಿಕೊಂಡರೆ ಅರ್ಧ ಇದ್ದದ್ದು ಪೂರ್ತಿ ಆಗಬಹುದು.

ಯಾವಾಗ ಕಾಯಬಾರದು

ಹೆಗಲು ನೋವೆಲ್ಲ ಹರಿದ ಹುರಿಯಲ್ಲ. ಕುತ್ತಿಗೆಯಿಂದ ಇಳಿದು ಬೆರಳು ಜೋಮು ಹಿಡಿಯುವ ನೋವು ಇದೆ. ಕೀಲೇ ಬಿಗಿದುಕೊಳ್ಳುವ ಫ್ರೋಜನ್ ಶೋಲ್ಡರ್ ಇದೆ, ಸಕ್ಕರೆ ಕಾಯಿಲೆ ಇರುವವರಿಗೆ ಅದು ಹೆಚ್ಚು. ಮನೆಯಲ್ಲೇ ಒಂದು ಸಣ್ಣ ವ್ಯತ್ಯಾಸ ನೋಡಬಹುದು. ಬೇರೆಯವರು ನಿಮ್ಮ ಕೈಯನ್ನು ಮೆಲ್ಲಗೆ ಎತ್ತಿದರೂ ಅದು ಮೇಲೆ ಹೋಗದೆ ಅರ್ಧಕ್ಕೇ ನಿಂತರೆ ಬಿಗಿತದ ಅನುಮಾನ. ಬೇರೆಯವರು ಎತ್ತಿದರೆ ಹೋಗುತ್ತದೆ, ನೀವಾಗಿ ಎತ್ತಲು ಆಗುವುದಿಲ್ಲ, ಅವರು ಬಿಟ್ಟರೆ ಕೈ ಕೆಳಗೆ ಬೀಳುತ್ತದೆ ಎಂದರೆ ಹುರಿಯ ಅನುಮಾನ. ಇದು ಅನುಮಾನ ಅಷ್ಟೇ, ನಿರ್ಣಯ ಡಾಕ್ಟರದ್ದು.

ದನ ಎಳೆದೋ, ಜಾರಿ ಬಿದ್ದೋ, ಭಾರ ಎತ್ತುವಾಗಲೋ ಒಮ್ಮೆಲೇ ಕೈಯ ಬಲ ಹೋದರೆ ಅದೇ ವಾರ ತೋರಿಸಿ. ಅಂಥ ಪೆಟ್ಟಿನ ಹರುಕನ್ನು ಮೊದಲ ಕೆಲವು ವಾರಗಳಲ್ಲಿ ನೋಡಲು ತಜ್ಞರು ಬಯಸುತ್ತಾರೆ. ಆಗ ತುದಿ ಹತ್ತಿರವೇ ಇರುತ್ತದೆ, ಸ್ನಾಯು ಇನ್ನೂ ಸ್ನಾಯುವಾಗಿಯೇ ಇರುತ್ತದೆ. ಆಳಂದ, ಅಫಜಲಪುರ, ಜೇವರ್ಗಿ ಮೂರೂ ಕಡೆ ತಾಲ್ಲೂಕು ಆಸ್ಪತ್ರೆ ಇದೆ. ಅಲ್ಲಿಂದ ಬೇಕಾದರೆ ಕಲಬುರಗಿಯ ಜಿಮ್ಸ್‌ಗೆ ಚೀಟಿ ಬರೆಸಿಕೊಳ್ಳಬಹುದು. ಎಕ್ಸ್‌ರೇ ಮಾಡಿಸಿ "ಮೂಳೆ ಚಲೋ ಅದ" ಎಂದು ಮನೆಗೆ ಬಂದುಬಿಡಬೇಡಿ. ಎಕ್ಸ್‌ರೇಯಲ್ಲಿ ಹುರಿ ಕಾಣುವುದಿಲ್ಲ. ಹುರಿ ಕಾಣುವುದು ಅಲ್ಟ್ರಾಸೌಂಡ್ ಸ್ಕ್ಯಾನಿನಲ್ಲಿ ಅಥವಾ ಎಮ್‌ಆರ್‌ಐಯಲ್ಲಿ. ಯಶಸ್ವಿನಿ ಕಾರ್ಡ್ ಇದ್ದವರು ಹೆಗಲಿನ ಯಾವ ಚಿಕಿತ್ಸೆ ಅದರಲ್ಲಿ ಸೇರಿದೆ ಎಂದು ಯೋಜನೆಯ ಆಸ್ಪತ್ರೆಯಲ್ಲಿ ಮೊದಲೇ ಕೇಳಿಕೊಳ್ಳಿ.

ನೋವಿಗೆ ಹೆಗಲಿನೊಳಗೆ ಕೊಡುವ ಸ್ಟೆರಾಯ್ಡ್ ಇಂಜೆಕ್ಷನ್ ಬಗ್ಗೆ ಒಂದು ಮಾತು. ಡಾಕ್ಟರು ಯೋಚಿಸಿ ಒಮ್ಮೆ ಕೊಟ್ಟರೆ ಉಪಯೋಗವಿದೆ. ಮೇಲಿಂದ ಮೇಲೆ ಮಾಡಿಸಿಕೊಂಡರೆ ಹುರಿ ಇನ್ನಷ್ಟು ಸಡಿಲವಾಗುತ್ತದೆ. ಕುಂಟುವ ಎತ್ತಿಗೆ ನೋವಿನ ಸೂಜಿ ಮಾಡಿಸಿ ಮರುದಿನ ಹೂಡಿದರೆ ಏನಾಗುತ್ತದೆ ಎಂದು ನಿಮಗೆ ಗೊತ್ತಿದೆ.

ಹೊಲಿದ ಮೇಲೆ

ಆಪರೇಷನ್ ಮಾಡಿದರೆ ಹುರಿಯ ತುದಿಯನ್ನು ಮೂಳೆಗೆ ದಾರದಿಂದ ಬಿಗಿಯುತ್ತಾರೆ. ಆಗ ಎರೆಮಣ್ಣು, ಗರಸು, ಬಂಡೆ ಎಂದೆನಲ್ಲ, ಆ ನಾಲ್ಕು ಪದರ ಮತ್ತೆ ಮೊದಲಿನಂತೆ ಬೆಳೆಯುವುದಿಲ್ಲ. ಅವುಗಳ ಜಾಗದಲ್ಲಿ ಗಾಯದ ನಾರು ಬೆಳೆಯುತ್ತದೆ. ಮೊದಲು ಮೂರನೇ ಜಾತಿಯ ದುರ್ಬಲ ಎಳೆ, ನಿಧಾನವಾಗಿ ಒಂದನೇ ಜಾತಿ. ಅಲ್ಲಿಯವರೆಗೆ ಭಾರ ತಡೆಯುವುದು ದಾರ, ಹುರಿ ಅಲ್ಲ. ಅದಕ್ಕೇ ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಕೈಯನ್ನು ಜೋಳಿಗೆಯಲ್ಲಿ ಇಡಿಸುತ್ತಾರೆ, ಮೂರು ತಿಂಗಳವರೆಗೆ ಭಾರ ಎತ್ತಬೇಡಿ ಎನ್ನುತ್ತಾರೆ, ಪೂರ್ತಿ ಬಲಕ್ಕೆ ಆರು ತಿಂಗಳು ಅಥವಾ ಹೆಚ್ಚು ಬೇಕು. ಮನೆಯವರಿಗೆ ಹೇಳುತ್ತಿದ್ದೇನೆ: ಹೊಲಿಗೆ ಬಿಚ್ಚಿದ ದಿನ ಹೆಂಡಿ ಬುಟ್ಟಿ ಕೈಗೆ ಕೊಡಬೇಡಿ. ಹೊರಗಿನ ಚರ್ಮ ಕೂಡಿದೆ, ಒಳಗೆ ಇನ್ನೂ ಶುರುವಾಗಿದೆ ಅಷ್ಟೇ. ಸಕ್ಕರೆ ಹಿಡಿತದಲ್ಲಿ ಇಲ್ಲದಿದ್ದರೆ ಕೂಡುವುದು ಇನ್ನೂ ತಡ. ಬೀಡಿಯ ಹೊಗೆ, ಗುಟ್ಕಾ, ಹಲ್ಲಿಗೆ ತಿಕ್ಕುವ ಮಿಸ್ರಿ ಎಲ್ಲದರಲ್ಲೂ ಇರುವ ನಿಕೋಟಿನ್ ರಕ್ತನಾಳಗಳನ್ನು ಬಿಗಿಸುತ್ತದೆ, ಮೊದಲೇ ರಕ್ತ ಕಡಿಮೆ ಇರುವ ಜಾಗಕ್ಕೆ ಅದು ತಲುಪುವುದು ಇನ್ನೂ ಕಡಿಮೆ. ಆಳಂದ, ಅಫಜಲಪುರದ ಕಡೆ ಮಿಸ್ರಿ ಬಹಳ, ಅದು ತಂಬಾಕು ಅಲ್ಲ ಎಂದು ವಾದಿಸುವ ಅಕ್ಕಂದಿರೂ ಬಹಳ.

ಹರಿಯದಂತೆ ನೋಡಿಕೊಳ್ಳಲು ಹೇಳಬೇಕಾದ್ದು ಹೆಚ್ಚಿಲ್ಲ. ಕಣ್ಣಿಯನ್ನು ಕೈಗೆ, ಮುಂಗೈಗೆ, ಸೊಂಟಕ್ಕೆ ಸುತ್ತಿಕೊಳ್ಳಬೇಡಿ. ಮಡಚಿ ಹಿಡಿಯಿರಿ, ದನ ಎಳೆದರೆ ಬಿಟ್ಟುಬಿಡಿ. ಓಡಿದ ದನ ಮನೆಗೆ ಬರುತ್ತದೆ. ಸಿವುಡು, ಹಾಲಿನ ಕ್ಯಾನು ಏರಿಸುವಾಗ ಇಬ್ಬರು ಕೈ ಕೊಡಿ. ಹಿಂಡುವಾಗ ಮೊಣಕೈ ಪಕ್ಕೆಯ ಹತ್ತಿರ ಇರಲಿ, ದೂರ ಕೂತು ಕೈ ಚಾಚಿ ಹಿಂಡಿದರೆ ಹೆಗಲಿಗೆ ತ್ರಾಸ.

ಪೆಟ್ಟು ಬಿದ್ದರೆ ಆ ದಿನಾಂಕ ಬರೆದಿಡಿ. ಆಸ್ಪತ್ರೆಯಲ್ಲಿ "ಎಷ್ಟು ದಿನ ಆಯಿತು?" ಎಂದು ಮೊದಲು ಕೇಳುತ್ತಾರೆ. "ಸುಗ್ಗಿ ಟೈಮಿನಾಗ" ಎಂದರೆ ಅವರಿಗೆ ಲೆಕ್ಕ ಸಿಗುವುದಿಲ್ಲ. ಆಕಳಿಗೆ ಸೂಜಿ ಹಾಕಿಸಿದ ದಿನ ಬರೆಯುವ ಗರ್ಭಧಾರಣೆ ಕಾರ್ಡ್ ಎಲ್ಲರ ಮನೆಯಲ್ಲೂ ಗೋಡೆಯ ಸಂದಿನಲ್ಲಿ ಇರುತ್ತದೆ. ಅದರ ಹಿಂಬದಿ ಖಾಲಿ ಇದೆ, ಅಲ್ಲೇ ಬರೆಯಿರಿ.